ಎಇಆರ್‌ಬಿಗೆ ಕಾನೂನಿನ ಬಲ ಬಂತು, ಇನ್ನು ಕರಾವಳಿಯವರು ಏನು ಕೇಳಬೇಕು?

ಕಂಕನಾಡಿ_ಎಕ್ಸ್‌ರೇ

ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿಕೊಂಡು ಓದಿ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ‘ಶಾಂತಿ’ ಮಸೂದೆ ಪಾಸು ಮಾಡಿತು. 1962ರ ಅಣುಶಕ್ತಿ ಕಾಯ್ದೆ, 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆ ಎರಡರ ಜಾಗಕ್ಕೂ ಈಗ ಅದೊಂದೇ ಕಾನೂನು. ಟಿವಿಯಲ್ಲಿ ಚರ್ಚೆ ಆದದ್ದು ಹೆಚ್ಚಾಗಿ ಖಾಸಗಿ ಕಂಪನಿಗಳು ಬರುವುದರ ಬಗ್ಗೆ. ನನಗೆ ಅದಕ್ಕಿಂತ ದೊಡ್ಡದು ಅನಿಸಿದ್ದು ಇನ್ನೊಂದು. ಅಣುಶಕ್ತಿ ನಿಯಂತ್ರಣ ಮಂಡಳಿಗೆ, ಅಂದರೆ ನಾವೆಲ್ಲ ಎಇಆರ್‌ಬಿ ಅನ್ನುವ ಸಂಸ್ಥೆಗೆ, ಸಂಸತ್ತಿನ ಕಾನೂನಿನಲ್ಲೇ ಜಾಗ ಸಿಕ್ಕಿತು. 1983ರ ನವೆಂಬರ್ 15ರಂದು ಹುಟ್ಟಿದ ಸಂಸ್ಥೆ ಅದು. ನಲವತ್ತು ವರ್ಷಕ್ಕೂ ಜಾಸ್ತಿ ಕಾಲ ಒಂದು ಸರ್ಕಾರಿ ಆದೇಶದ ಮೇಲೆ ನಡೆಯಿತು. ಆದೇಶ ಹೊರಡಿಸಿದವರೇ ಅದನ್ನು ತಿದ್ದಬಹುದಿತ್ತು, ಅಧಿಕಾರ ಕಡಿಮೆ ಮಾಡಬಹುದಿತ್ತು. 2000ದಲ್ಲಿ ಹಾಗೆ ಆಗಿಯೂ ಆಯಿತು. ಬಾಬಾ ಅಣು ಸಂಶೋಧನಾ ಕೇಂದ್ರದ ಘಟಕಗಳನ್ನು ಎಇಆರ್‌ಬಿ ಕೈಯಿಂದ ತೆಗೆದು, ಅಲ್ಲಿನ ಸುರಕ್ಷತೆಯನ್ನು ಆ ಕೇಂದ್ರವೇ ನೋಡಿಕೊಳ್ಳಲಿ ಅಂದರು.

ಈ ವಿಷಯ ನನಗೆ ಹತ್ತಿರದ್ದು, ಯಾಕೆಂದರೆ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಎಕ್ಸ್‌ರೇ, ಸಿಟಿ ವಿಭಾಗದಲ್ಲಿ ಟೆಕ್ನೀಷಿಯನ್. ನಮ್ಮ ಮೇಲೂ ಎಇಆರ್‌ಬಿಯದ್ದೇ ಕಣ್ಣು. ಲೆಡ್ ಏಪ್ರನ್ ಒಳಗೆ ಎದೆಯ ಹತ್ತಿರ ಒಂದು ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತೇವೆ. ಅಂಗೈಯೊಳಗೆ ಹಿಡಿಯುವಷ್ಟು ಸಣ್ಣ ಪ್ಲಾಸ್ಟಿಕ್ ಡಬ್ಬಿ. ಒಳಗೆ ಲೋಹದ ಪಟ್ಟಿ, ಅದರಲ್ಲಿ ಸಾಲಾಗಿ ಮೂರು ಬಿಳಿ ಬಿಲ್ಲೆ. ಮೈಗೆ ತಾಗಿದ ವಿಕಿರಣದ ಲೆಕ್ಕ ಆ ಬಿಲ್ಲೆಗಳಲ್ಲಿ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಬಿಲ್ಲೆ ಬಿಸಿ ಮಾಡಿ, ಹೊರಡುವ ಬೆಳಕನ್ನು ಅಳೆಯುತ್ತಾರೆ. ಲೆಕ್ಕ ಜಾಸ್ತಿ ಬಂದರೆ ಯಾಕೆ ಹೀಗಾಯಿತು ಅಂತ ನಾವು ಉತ್ತರ ಕೊಡಬೇಕು. ವಿಕಿರಣದ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ ಅದು), ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಜನಸಾಮಾನ್ಯರಿಗೆ ವರ್ಷಕ್ಕೆ 1. ಮಷೀನಿಗೆ ಎರಡು ವರ್ಷಕ್ಕೊಮ್ಮೆ ಗುಣಮಟ್ಟ ಪರೀಕ್ಷೆ, ಎಇಆರ್‌ಬಿಯದ್ದೇ ಇ-ಲೋರಾ ಪೋರ್ಟಲ್‌ನಲ್ಲಿ ಲೈಸೆನ್ಸ್. ಇದೆಲ್ಲ ಕಿರಿಕಿರಿ ಅಂತ ಹೊಸಬರು ಹೇಳುತ್ತಾರೆ. ಆ ಬ್ಯಾಡ್ಜ್ ಇಲ್ಲದೆ ನಾನಂತೂ ಸಿಟಿ ಕೋಣೆಗೆ ಕಾಲಿಡುವುದಿಲ್ಲ.

ಅದೇ ಸಂಸ್ಥೆ ಉತ್ತರ ಕನ್ನಡದ ಕೈಗಾ ಅಣು ಸ್ಥಾವರವನ್ನೂ ನೋಡಿಕೊಳ್ಳಬೇಕು. ಕೈಗಾ ಉಡುಪಿಯಿಂದ ನೇರ ಗೆರೆ ಎಳೆದರೆ ಸುಮಾರು 170 ಕಿ.ಮೀ., ಮಂಗಳೂರಿನಿಂದ 220. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕ ಈಗ ಉಂಟು, ತಲಾ 700 ಮೆಗಾವಾಟಿನ ಇನ್ನೆರಡು ಬರಲಿವೆ. ಇಷ್ಟು ವರ್ಷ ಎಇಆರ್‌ಬಿ ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಕೈಗಾ ನಡೆಸುವ ಎನ್‌ಪಿಸಿಐಎಲ್ ಕೂಡ ಅದೇ ಇಲಾಖೆಯ ಕಂಪನಿ. ಕಟ್ಟುವವರು, ನಡೆಸುವವರು, ತಪ್ಪು ಹುಡುಕುವವರು ಮೂವರೂ ಒಬ್ಬರೇ ಯಜಮಾನರ ಕೆಳಗೆ. ಎಇಆರ್‌ಬಿಯಲ್ಲಿ ಒಳ್ಳೆಯ ವಿಜ್ಞಾನಿಗಳು ಇಲ್ಲ ಅಂತ ನಾನು ಖಂಡಿತ ಹೇಳುವುದಿಲ್ಲ. ಎಷ್ಟು ಒಳ್ಳೆಯವರಿದ್ದರೂ ಸ್ಥಾವರ ನಿಲ್ಲಿಸಿ ಅಂತ ಹೇಳುವ ದಿನ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ ಅನ್ನುವುದು ಪ್ರಶ್ನೆ.

ಹೊಸ ಕಾನೂನಿನಿಂದ ಇದು ಸರಿಯಾಯಿತಾ? ಇಲ್ಲದಿದ್ದರೆ ನಮ್ಮ ಕಡೆಯವರು ಯಾವ ಪ್ರಶ್ನೆ ಕೇಳಬೇಕು? ಗೊತ್ತಿರುವವರು ಬರೆಯಿರಿ. ಅಣು ವಿದ್ಯುತ್ ಬೇಕಾ ಬೇಡವಾ ಅನ್ನುವ ಜಗಳ ಇಲ್ಲಿ ಬೇಡ, ಅದಕ್ಕೆ ಇನ್ನೊಂದು ಚರ್ಚೆ ತೆಗೆಯುವ.

ಸುರತ್ಕಲ್_ಮೆಕ್ಯಾನಿಕಲ್

ಅಕ್ಕ, ಕಾಳಜಿ ಅರ್ಥವಾಗುತ್ತದೆ. ಆದರೆ ಓದಿದವರಿಗೆ ಇಷ್ಟು ವರ್ಷ ಕೈಗಾವನ್ನು ಯಾರೂ ನೋಡಿಯೇ ಇಲ್ಲ ಅನ್ನುವ ಭಾವನೆ ಬರಬಾರದು ನೋಡಿ. ನಮ್ಮ ಸ್ಥಾವರಗಳಿಗೆ ಒಂದು ಸಲ ಲೈಸೆನ್ಸ್ ಕೊಟ್ಟು ಬಿಡುವುದಲ್ಲ. ಜಾಗಕ್ಕೆ ಒಪ್ಪಿಗೆ ಬೇರೆ, ಕಟ್ಟುವುದಕ್ಕೆ ಬೇರೆ, ಚಾಲನೆಗೆ ಬೇರೆ, ನಡೆಸುವುದಕ್ಕೆ ಬೇರೆ, ಕೊನೆಗೆ ಮುಚ್ಚುವುದಕ್ಕೂ ಬೇರೆ. ನಡೆಸುವ ಲೈಸೆನ್ಸ್ ಐದು ವರ್ಷಕ್ಕೆ. ಹತ್ತು ವರ್ಷಕ್ಕೊಮ್ಮೆ ಇಡೀ ಸ್ಥಾವರದ ಸುರಕ್ಷತೆಯನ್ನು ಮತ್ತೆ ಬುಡದಿಂದ ನೋಡುತ್ತಾರೆ. ಜಪಾನಿನ ಫುಕುಶಿಮಾ ಅಣು ದುರಂತ ಆದ ಮೇಲೆ ಎಲ್ಲ ಸ್ಥಾವರಗಳನ್ನೂ ಹೊಸದಾಗಿ ಪರಿಶೀಲಿಸಿದರು.

ಕೈಗಾ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ಅದು ಸುಮ್ನೆ ಆಗುವ ಕೆಲಸ ಅಲ್ಲ. ಪಂಪು, ಸೀಲು, ವಾಲ್ವು ಪ್ರತಿಯೊಂದರ ಹಿಂದೆ ಜನ ಉಂಟು. 2004ರಲ್ಲಿ ಸುನಾಮಿ ನೀರು ತಮಿಳುನಾಡಿನ ಕಲ್ಪಾಕ್ಕಂ ಅಣು ಸ್ಥಾವರದ ಪಂಪ್‌ಹೌಸಿಗೆ ನುಗ್ಗಿದಾಗ ಅಲ್ಲಿ ಓಡುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಇದನ್ನೂ ಹೇಳಬೇಕಲ್ವಾ? ಕಲ್ಲಿದ್ದಲಿನ ಬೂದಿ ನಮ್ಮ ಜಿಲ್ಲೆಗಳಲ್ಲಿ ಕಣ್ಣಿಗೆ ಕಾಣುತ್ತದೆ, ಆದರೂ ಅದರ ಬಗ್ಗೆ ಯಾರಿಗೂ ಇಷ್ಟು ಹೆದರಿಕೆ ಇಲ್ಲ.

ಕಂಕನಾಡಿ_ಎಕ್ಸ್‌ರೇ

ನೀವು ಹೇಳಿದ ಯಾವುದಕ್ಕೂ ನನ್ನ ತಕರಾರು ಇಲ್ಲ ಸರ್. 962 ದಿನದ ಹೆಮ್ಮೆ ನನಗೂ ಉಂಟು. ನಾನು ಕೇಳುತ್ತಿರುವುದು ಕೆಟ್ಟ ದಿನದ ಬಗ್ಗೆ. ದಾಖಲೆಯ ಹತ್ತಿರ ಬಂದ ಘಟಕವನ್ನು, ದಾಖಲೆಗೆ ಎರಡು ದಿನ ಬಾಕಿ ಇರುವಾಗ, ಏನೋ ಸಣ್ಣ ಸಂಶಯಕ್ಕೆ ನಿಲ್ಲಿಸಿ ಅಂತ ಹೇಳುವ ಅಧಿಕಾರಿಗೆ ಮರುದಿನ ತೊಂದರೆ ಆಗಬಾರದು. ಅಷ್ಟೇ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2012ರಲ್ಲಿ ಎಇಆರ್‌ಬಿ ಬಗ್ಗೆಯೇ ಒಂದು ವರದಿ ಕೊಟ್ಟಿತ್ತು. ಕಾನೂನಿನ ಸ್ವಾತಂತ್ರ್ಯ ಇಲ್ಲ, ಸ್ವಂತ ನಿಯಮ ಮಾಡುವ ಅಧಿಕಾರ ಇಲ್ಲ, ದಂಡ ಯಾರಿಗೂ ಬಿಸಿ ಮುಟ್ಟಿಸದಷ್ಟು ಕಡಿಮೆ ಅಂತ ಅದರಲ್ಲಿತ್ತು. ನನ್ನ ಕ್ಷೇತ್ರದ್ದೇ ಒಂದು ಲೆಕ್ಕ ಅದರಲ್ಲಿ ಉಂಟು. ದೇಶದಲ್ಲಿದ್ದ 57,443 ಎಕ್ಸ್‌ರೇ ಘಟಕಗಳಲ್ಲಿ 52,173 ನೋಂದಣಿಯೇ ಇಲ್ಲದೆ ನಡೆಯುತ್ತಿದ್ದವು. ನೂರಕ್ಕೆ 91! ಅದಕ್ಕೆ ಎರಡು ವರ್ಷ ಮೊದಲು, 2010ರಲ್ಲಿ, ದೆಹಲಿಯ ಮಾಯಾಪುರಿಯಲ್ಲಿ ಗುಜರಿ ಅಂಗಡಿಗೆ ಕೋಬಾಲ್ಟ್-60 ಅನ್ನುವ ವಿಕಿರಣ ವಸ್ತು ಬಂದು ಒಬ್ಬರು ಸತ್ತರು. ಅದು ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಉಪಕರಣದಿಂದ ಬಂದದ್ದು. ಅದರೊಳಗೆ ಏನಿದೆ ಅಂತ ಬಿಚ್ಚಿದವರಿಗೆ ಗೊತ್ತೇ ಇರಲಿಲ್ಲ. ನಿಯಂತ್ರಕರಿಗೆ ಜನ ಸಾಲದಿದ್ದರೆ, ಕೈಗೆ ಬಲ ಇಲ್ಲದಿದ್ದರೆ ಹೀಗೆ ಆಗುತ್ತದೆ. ಈಗ ಇ-ಲೋರಾ ಬಂದ ಮೇಲೆ ನಮ್ಮ ಕಡೆ ತುಂಬ ಸುಧಾರಿಸಿದೆ, ಅದನ್ನೂ ಹೇಳುತ್ತೇನೆ.

ಕುಂದಾಪ್ರ_ಮೇಸ್ತ್ರಿ

ನನಗೆ ಕಾನೂನು ಗೊತ್ತಿಲ್ಲ, ಕಾಂಕ್ರೀಟ್ ಗೊತ್ತು. ತೊಂಬತ್ತರ ದಶಕದಲ್ಲಿ ಕೈಗಾ ಹತ್ತಿರದ ಮಲ್ಲಾಪುರದ ಕಡೆ ಬೇರೆ ಗುತ್ತಿಗೆದಾರರ ಹತ್ತಿರ ಕೆಲಸಕ್ಕಿದ್ದೆ. ಸ್ಥಾವರದ ಗುಮ್ಮಟದ ಕೆಲಸ ನಮ್ಮದಲ್ಲ. ಆದರೆ 1994ರ ಮೇ 13ರಂದು ಆದದ್ದನ್ನು ಆ ಕಾಲದಲ್ಲಿ ಅಲ್ಲಿದ್ದವರು ಮರೆಯುವುದಿಲ್ಲ.

ಒಂದನೇ ಘಟಕ ಇನ್ನೂ ಕಟ್ಟುತ್ತಿದ್ದರು. ರಿಯಾಕ್ಟರಿಗೆ ಎರಡು ಗುಮ್ಮಟ ಇರುತ್ತದೆ, ಒಂದರೊಳಗೆ ಒಂದು. ಒಳಗಿನ ಗುಮ್ಮಟದ ಕೆಳಮೈಯ ಕಾಂಕ್ರೀಟು ಪದರ ಬಿಟ್ಟು ಕೆಳಗೆ ಬಿತ್ತು. ನೂರಕ್ಕೂ ಹೆಚ್ಚು ಟನ್. ಕೆಲಸದವರಿಗೆ ಗಾಯವಾಯಿತು. ಒಳಗೆ ಇಂಧನ ತುಂಬಿರಲಿಲ್ಲ, ದೇವರು ದೊಡ್ಡವನು. ಅಪಘಾತ ಆದರೆ ವಿಕಿರಣವನ್ನು ಹೊರಗೆ ಬಿಡದೆ ಹಿಡಿಯಬೇಕಾದ ಗುಮ್ಮಟವೇ ಅದು. ಪ್ರಪಂಚದಲ್ಲಿ ಇಂಥದ್ದು ಆದದ್ದು ಬಹಳ ಕಡಿಮೆ ಅಂತ ಆಮೇಲೆ ಇಂಜಿನಿಯರುಗಳು ಹೇಳುತ್ತಿದ್ದರು.

ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್ ಹಾಯಿಸಿ ಜಗ್ಗಿ ಬಿಗಿ ಮಾಡುತ್ತಾರೆ, ಪ್ರಿಸ್ಟ್ರೆಸ್ ಅನ್ನುತ್ತಾರೆ ಅದಕ್ಕೆ. ಬಾಗಿದ ಮೇಲ್ಮೈಯಲ್ಲಿ ಕೇಬಲ್ ಜಗ್ಗಿದಾಗ ಕಾಂಕ್ರೀಟನ್ನು ಪದರ ಪದರವಾಗಿ ಬಿಡಿಸುವ ಹಾಗೆ ಒಂದು ಎಳೆತ ಹುಟ್ಟುತ್ತದೆ. ಅದನ್ನು ತಡೆಯುವುದಕ್ಕೆ ಅಡ್ಡ ಕಬ್ಬಿಣ ಸರಿಯಾಗಿ ಬೇಕು. ಅಲ್ಲಿ ಆ ಲೆಕ್ಕ ಸಾಲದೇ ಹೋಯಿತು. ಆಮೇಲೆ ವಿನ್ಯಾಸ ಬದಲಿಸಿ, ಮತ್ತೆ ಕಟ್ಟಿ, ಕೈಗಾದಲ್ಲಿ ಮೊದಲು ವಿದ್ಯುತ್ ಮಾರಲು ಶುರುವಾದದ್ದು 2000ದಲ್ಲಿ, ಅದೂ ಎರಡನೇ ಘಟಕದಿಂದ.

ನಾನು ಹೇಳಬೇಕೆಂದಿದ್ದು ಇದು. ಆಗ ಎಇಆರ್‌ಬಿ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಕಟ್ಟಿದವರ ತನಿಖೆ ಒಂದೇ ಸಾಲದು ಅಂತ ಎಇಆರ್‌ಬಿ ತನ್ನದೇ ತನಿಖೆ ಮಾಡಿಸಿತು. ಕಟ್ಟುವ ಕೆಲಸದಲ್ಲಿ ಎಷ್ಟು ವರ್ಷ ಕಳೆದವರಿಗೂ ತಾವೇ ಹಾಕಿದ ಸ್ಲ್ಯಾಬಿನ ಬಿರುಕು ಬೇಗ ಕಾಣುವುದಿಲ್ಲ. ಹೊರಗಿನವರು ಬಂದು ಸುತ್ತಿಗೆಯಲ್ಲಿ ತಟ್ಟಿ ಶಬ್ದ ಕೇಳಬೇಕು.

ಉಡುಪಿ_ಲಾ

ಮೇಸ್ತ್ರಿಗಳೇ, ನೀವು ಹೇಳಿದ ಅದೇ ಅಧ್ಯಕ್ಷರ ಕಾಲದಲ್ಲಿ, 1995ರಲ್ಲಿ, ಎಇಆರ್‌ಬಿ ದೇಶದ ಅಣು ಘಟಕಗಳ 130 ಸುರಕ್ಷತಾ ಸಮಸ್ಯೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ 95 ತುರ್ತು ಅಂತ ಗುರುತಿಸಿತ್ತು. ಅವರ ಅವಧಿ 1996ರಲ್ಲಿ ಮುಗಿಯಿತು. ಆಮೇಲೆ ಅವರು ವರ್ಷಗಟ್ಟಲೆ ಬರೆದದ್ದೂ ಹೇಳಿದ್ದೂ ಒಂದೇ, ನಿಯಂತ್ರಕ ಸಂಸ್ಥೆ ಇಲಾಖೆಯ ಕೆಳಗಿರಬಾರದು.

ಅಕ್ಕನ ಪ್ರಶ್ನೆಗೆ ಬರುತ್ತೇನೆ. ಫುಕುಶಿಮಾ ಆದದ್ದು 2011ರ ಮಾರ್ಚ್ 11ಕ್ಕೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಸಂಸತ್ತಿನಲ್ಲಿ ಪರಮಾಣು ಸುರಕ್ಷತಾ ನಿಯಂತ್ರಣ ಪ್ರಾಧಿಕಾರದ ಮಸೂದೆ ಮಂಡನೆಯಾಯಿತು. 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ನಡುವೆ, 2013ರ ಡಿಸೆಂಬರ್‌ನಲ್ಲಿ, ಮುರಳಿ ಮನೋಹರ ಜೋಶಿಯವರು ಅಧ್ಯಕ್ಷರಾಗಿದ್ದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಸಿಎಜಿ ಹೇಳಿದ್ದನ್ನೇ ಎತ್ತಿ ಹಿಡಿಯಿತು. 2015ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡ ಬಂದು ಎಇಆರ್‌ಬಿಯನ್ನು ನೋಡಿತು. ಕೆಲಸ ಚೆನ್ನಾಗಿದೆ ಅಂದಿತು, ಆದರೆ ಅದರ ಸ್ವಾತಂತ್ರ್ಯವನ್ನು ಕಾನೂನಿನಲ್ಲಿ ಬರೆಯಿರಿ ಅಂತಲೂ ಹೇಳಿತು. ಅದಾಗಿ ಹತ್ತು ವರ್ಷ ಬೇಕಾಯಿತು ನಮಗೆ.

ಶಾಂತಿ ಕಾನೂನು ಎಇಆರ್‌ಬಿಗೆ ಶಾಸನದ ಸ್ಥಾನ ಕೊಟ್ಟಿದೆ. ಇದು ದೊಡ್ಡ ಹೆಜ್ಜೆ, ಇನ್ನು ರಾತ್ರೋರಾತ್ರಿ ಆದೇಶ ಮಾಡಿ ಕಿತ್ತುಹಾಕಲು ಆಗುವುದಿಲ್ಲ. ಆದರೆ ಎಇಆರ್‌ಬಿಯ ಅಧ್ಯಕ್ಷರು, ಸದಸ್ಯರನ್ನು ಹುಡುಕಿ ಹೆಸರು ಸೂಚಿಸುವ ಸಮಿತಿಯನ್ನು ರಚಿಸುವವರು ಯಾರು? ಮತ್ತೆ ಅಣುಶಕ್ತಿ ಆಯೋಗವೇ. ಮುಂದಿನ ಬಾಗಿಲು ಭದ್ರ ಮಾಡಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ ಇದು. ನನ್ನ ಮಟ್ಟಿಗೆ ಈ ಕಾನೂನಿನ ದೊಡ್ಡ ಕೊರತೆ ಇದೇ. ವಿರೋಧ ಪಕ್ಷದ ನಾಯಕರು, ನ್ಯಾಯಾಂಗದವರು, ಹೊರಗಿನ ತಜ್ಞರು ಆ ಸಮಿತಿಯಲ್ಲಿ ಇರಬೇಕಿತ್ತು.

ಬೇರೆ ದೇಶದವರು ಇದನ್ನು ಹೇಗೆ ಕಲಿತರು ನೋಡಿ. ಅಮೆರಿಕದಲ್ಲೂ ಮೊದಲು ಒಂದೇ ಆಯೋಗ ಅಣುಶಕ್ತಿಯನ್ನು ಬೆಳೆಸುತ್ತಿತ್ತು, ನಿಯಂತ್ರಣವನ್ನೂ ಮಾಡುತ್ತಿತ್ತು. 1974ರ ಕಾನೂನಿನಿಂದ ಅದನ್ನು ಒಡೆದು ನಿಯಂತ್ರಣಕ್ಕೆ ಬೇರೆ ಆಯೋಗ ಮಾಡಿದರು. ಜಪಾನಿನಲ್ಲಿ ಫುಕುಶಿಮಾ ತನಕ ನಿಯಂತ್ರಕ ಸಂಸ್ಥೆ ಇದ್ದದ್ದು ಆರ್ಥಿಕ, ವಾಣಿಜ್ಯ, ಉದ್ಯಮ ಸಚಿವಾಲಯದ ಕೆಳಗೆ. ಅಣು ವಿದ್ಯುತ್ ಬೆಳೆಸುವ ಹೊಣೆಯೂ ಅದೇ ಸಚಿವಾಲಯದ್ದು. ಅವರ ಸಂಸತ್ತು ನೇಮಿಸಿದ ತನಿಖಾ ಆಯೋಗ, ಇದು ಮನುಷ್ಯರಿಂದಲೇ ಆದ ದುರಂತ, ಕಂಪನಿಯೂ ನಿಯಂತ್ರಕರೂ ಒಳಗೊಳಗೇ ಹೊಂದಿಕೊಂಡಿದ್ದರು ಅಂತ ನೇರವಾಗಿ ಹೇಳಿತು. 2012ರ ಸೆಪ್ಟೆಂಬರಿನಲ್ಲಿ ಹಳೆಯ ಸಂಸ್ಥೆ ಮುಚ್ಚಿ ಹೊಸದು ತೆರೆದರು.

ಮಲ್ಪೆ_ಬೋಟು

ಓದಿದೆ. ದೆಹಲಿಯಲ್ಲಿ ಯಾರು ಯಾರನ್ನು ನೇಮಿಸುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ ಮಾರಾಯ್ರೆ. ನಮ್ಮ ಬಂದರಿನ ಮಾತು ಹೇಳುತ್ತೇನೆ.

2009ರ ನವೆಂಬರಿನಲ್ಲಿ ಕೈಗಾದೊಳಗೆ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಷಿಯಂ ಅನ್ನುವ ವಿಕಿರಣ ವಸ್ತು ಇದ್ದ, ರಿಯಾಕ್ಟರಿನ ಭಾರಜಲ ಬೆರೆಸಿದರು ಅಂತ ಸುದ್ದಿ ಬಂತಲ್ಲ, ಐವತ್ತಕ್ಕೂ ಜಾಸ್ತಿ ಕೆಲಸಗಾರರ ಮೈಗೆ ಸೇರಿತು ಅಂತ. ಆಗ ನಮ್ಮಲ್ಲಿ ಮೀನು ಕೊಳ್ಳುವವರು ಕೇಳಿದ್ದು, ‘ಕಾರವಾರದ ಕಡೆಯ ಮೀನಾ ಇದು?’ ಅಂತ. ನೀರಿನ ಕೂಲರಿಗೂ ಸಮುದ್ರದ ಬಂಗುಡೆಗೂ ಎಂತ ಸಂಬಂಧ? ಏನೂ ಇಲ್ಲ. ಆದರೆ ಏನೂ ಇಲ್ಲ ಅಂತ ಹೇಳುವವರು ನಮಗೆ ಬೇಕಲ್ಲ. ಸ್ಥಾವರದವರು ಹೇಳಿದರೆ ಅವರು ಹೇಳಲೇಬೇಕಲ್ಲ ಅನ್ನುತ್ತಾರೆ ಜನ. ವಾಟ್ಸಾಪ್‌ನಲ್ಲಿ ಬಂದದ್ದು ಮಾತ್ರ ಕೂಡಲೇ ನಂಬುತ್ತಾರೆ. ಬಂಗುಡೆ, ಬೂತಾಯಿ ಎರಡು ದಿನ ಐಸ್‌ನಲ್ಲಿ ಕಾಯಬಹುದು. ಅದಕ್ಕಿಂತ ಜಾಸ್ತಿ ಕಾಯುವುದಿಲ್ಲ.

ನಮಗೆ ಬೇಕಾದದ್ದು ಇಷ್ಟೇ. ಕಾಳಿ ಅಳಿವೆಯ ನೀರು, ಮೀನು, ಮಳಿ (ಚಿಪ್ಪುಮೀನು) ಇವುಗಳಲ್ಲಿ ವಿಕಿರಣ ಎಷ್ಟು ಉಂಟು ಅಂತ ನಂಬುವಂಥವರು ಅಳೆದು, ಕನ್ನಡದಲ್ಲಿ, ಬಂದರಿನ ಬೋರ್ಡಿನಲ್ಲಿ ಹಾಕಬೇಕು. ಸುದ್ದಿ ಬರುವ ಮೊದಲೇ ಹಾಕಿರಬೇಕು. ಗಲಾಟೆ ಆದ ಮೇಲೆ ಹಾಕಿದರೆ ಯಾರೂ ಓದುವುದಿಲ್ಲ.

ಕೊಣಾಜೆ_ಎಂಎಸ್ಸಿ

ಅಣ್ಣ, ನೀವು ಕೇಳಿದ್ದು ಅಸಾಧ್ಯ ಏನಲ್ಲ. ಅಳೆಯುವ ಕೆಲಸ ಈಗಲೂ ನಡೆಯುತ್ತಿದೆ. ಪ್ರತಿ ಅಣು ಸ್ಥಾವರದ ಹತ್ತಿರ ಪರಿಸರ ಸಮೀಕ್ಷಾ ಪ್ರಯೋಗಾಲಯ ಇರುತ್ತದೆ, ಕೈಗಾದಲ್ಲೂ ಉಂಟು. ಸ್ಥಾವರ ಶುರುವಾಗುವ ಮೊದಲಿಂದಲೇ ನೀರು, ಹಾಲು, ಅಕ್ಕಿ, ಮೀನು, ಮಣ್ಣು ತಂದು ಪರೀಕ್ಷೆ ಮಾಡುತ್ತಾರೆ. ಆದರೆ ಆ ಪ್ರಯೋಗಾಲಯವೂ ಅಣುಶಕ್ತಿ ಇಲಾಖೆಯ ಕುಟುಂಬದ್ದೇ. ಅಳತೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಜನ ನಂಬಬೇಕಾದರೆ ಎರಡನೆಯವರ ಅಳತೆಯೂ ಬೇಕು.

ಆ ಎರಡನೆಯವರು ನಮ್ಮ ಮನೆ ಬಾಗಿಲಲ್ಲೇ ಇದ್ದಾರೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಮಂಗಳಗಂಗೋತ್ರಿಯಲ್ಲಿ, ಪರಿಸರದ ವಿಕಿರಣದ ಬಗ್ಗೆಯೇ ಸಂಶೋಧನೆ ಮಾಡುವ ಕೇಂದ್ರ ಉಂಟು. ಕೈಗಾ ಸುತ್ತಲಿನ ಟ್ರಿಷಿಯಂ, ಕಾರ್ಬನ್-14 ಮೇಲೆ ಅವರು ಕೆಲಸ ಮಾಡಿದ್ದಾರೆ. ಅವರ ಯೋಜನೆಗಳಿಗೂ ಅಣುಶಕ್ತಿ ಇಲಾಖೆಯ ಸಂಶೋಧನಾ ಮಂಡಳಿಯಿಂದ ಹಣ ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೂ ಅದು ವಿಶ್ವವಿದ್ಯಾಲಯ, ಫಲಿತಾಂಶ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ಪ್ರಶ್ನಿಸಬಹುದು. ರಾಜ್ಯ ಸರ್ಕಾರ ಹಣ ಕೊಟ್ಟು ಕಾಳಿ ಅಳಿವೆಯಿಂದ ಉಡುಪಿಯವರೆಗೆ ನಿಯಮಿತವಾಗಿ ಅಳೆಯಿರಿ ಅಂದರೆ ಆ ಸಾಮರ್ಥ್ಯ ಇಲ್ಲೇ ಉಂಟು.

ಇನ್ನೊಂದು ವಿಷಯ, ಮೀನುಗಾರರಿಗೂ ಉಪಯೋಗ ಆಗಬಹುದು. ಅಳತೆಯ ಬೋರ್ಡು ಹಾಕಿದಾಗ ಸೊನ್ನೆ ಅಂತ ಎಲ್ಲಿಯೂ ಬರುವುದಿಲ್ಲ. ನಮ್ಮ ಉಳ್ಳಾಲದ ಮರಳಿನಲ್ಲೇ ಮೊನಜೈಟ್ ಅನ್ನುವ ಖನಿಜ ಉಂಟು, ಅದರಲ್ಲಿ ವಿಕಿರಣ ಸೂಸುವ ಥೋರಿಯಂ. ಅಲ್ಲಿ ನೈಸರ್ಗಿಕ ವಿಕಿರಣ ಬೇರೆ ಕಡೆಗಿಂತ ಜಾಸ್ತಿ ಅಂತ ಮಂಗಳೂರು ವಿಶ್ವವಿದ್ಯಾಲಯದವರೇ ತೊಂಬತ್ತರ ದಶಕದಲ್ಲಿ ಬರೆದರು. ಅದು ಸ್ಥಾವರದಿಂದ ಬಂದದ್ದಲ್ಲ, ಭೂಮಿಯದ್ದೇ. ಹಾಗಾಗಿ ಬೋರ್ಡಿನಲ್ಲಿ ಇವತ್ತಿನ ಅಳತೆಯ ಪಕ್ಕದಲ್ಲಿ ಹಳೆಯ ಅಳತೆಯೂ, ಮಿತಿಯೂ ಇರಬೇಕು. ಇಲ್ಲದಿದ್ದರೆ ಬರೀ ಸಂಖ್ಯೆ ನೋಡಿ ಜನ ಇನ್ನೂ ಹೆದರುತ್ತಾರೆ.

ಯಲ್ಲಾಪುರದವಳು

ನನ್ನ ತವರು ಯಲ್ಲಾಪುರದ ಕಡೆ, ಈಗ ಇರುವುದು ಮಣಿಪಾಲದಲ್ಲಿ. ನೀವೆಲ್ಲ ಅಳತೆ, ಕಾನೂನು ಮಾತಾಡುತ್ತಿದ್ದೀರಿ. ನಾನು ರಸ್ತೆಯ ಮಾತಾಡುತ್ತೇನೆ.

ನಿಯಮದ ಪ್ರಕಾರ ಸ್ಥಾವರದ ಸುತ್ತ 16 ಕಿ.ಮೀ. ವರೆಗೆ ತುರ್ತು ಯೋಜನೆ ಇರಬೇಕು. ಅಪಘಾತದ ಪರಿಣಾಮ ಬೇಲಿಯ ಹೊರಗೆ ಬಂದರೆ ಜನರನ್ನು ಮನೆಯೊಳಗೆ ಇರಿಸುವುದು, ಥೈರಾಯ್ಡ್ ಕಾಪಾಡುವ ಅಯೋಡಿನ್ ಮಾತ್ರೆ ಹಂಚುವುದು, ಬೇಕಾದರೆ ಸಾಗಿಸುವುದು, ಇದೆಲ್ಲ ಜಿಲ್ಲಾಧಿಕಾರಿಯವರ ಹೊಣೆ. ಎರಡು ವರ್ಷಕ್ಕೊಮ್ಮೆ ಅದರ ಅಣಕು ಕಾರ್ಯಾಚರಣೆ. ಕಾಗದದ ಮೇಲೆ ಚೆನ್ನಾಗಿದೆ.

ಈಗ ನಮ್ಮ ಜಿಲ್ಲೆಯ ಮಳೆಗಾಲ ನೋಡಿ. 2021ರ ಜುಲೈಯಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳು ಮುಳುಗಿದವು. ಅದೇ ವಾರ ನಮ್ಮ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು, ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕೂಡ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ರಾಷ್ಟ್ರೀಯ ಹೆದ್ದಾರಿ 66 ಎಷ್ಟೋ ದಿನ ಬಂದ್. ಮೂರು ವಾರ ಕಳೆದ ಮೇಲೆ, ಆಗಸ್ಟ್ 7ಕ್ಕೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಅಂದರೆ ಒಂದೇ ಮಳೆಗಾಲದಲ್ಲಿ ಕಾರವಾರದಿಂದ ದಕ್ಷಿಣಕ್ಕೆ ಹೋಗುವ ದಾರಿಯೂ ಕಟ್ಟಿತು, ಉತ್ತರಕ್ಕೆ ಗೋವಾ ಕಡೆ ಹೋಗುವ ಎರಡು ಸೇತುವೆಗಳಲ್ಲಿ ಒಂದೂ ಹೋಯಿತು. ಪೂರ್ವಕ್ಕೆ ಘಟ್ಟ ಹತ್ತಬೇಕು, ಅದೂ ಕುಸಿಯುವ ಘಟ್ಟವೇ.

ಸ್ಥಾವರದೊಳಗಿನ ಪಂಪು, ಡೀಸೆಲ್ ಜನರೇಟರ್ ಎಲ್ಲವನ್ನೂ ಎಇಆರ್‌ಬಿ ನೋಡುತ್ತದೆ, ಒಪ್ಪುತ್ತೇನೆ. ಆದರೆ ಹೊರಗಿನ ಯೋಜನೆಯಲ್ಲಿ ಬರೆದ ರಸ್ತೆ ಜುಲೈಯಲ್ಲಿ ಇರುತ್ತದಾ ಅಂತ ಯಾರು ನೋಡುತ್ತಾರೆ? ಅಣಕು ಕಾರ್ಯಾಚರಣೆಯನ್ನು ಬಿಸಿಲಿನ ತಿಂಗಳಲ್ಲಿ ಮಾಡಿದರೆ ಎಂತ ಪ್ರಯೋಜನ? ಮಳೆ ಜೋರಾಗಿ ಹೊಡೆಯುವಾಗ, ಕರೆಂಟು ಇಲ್ಲದಾಗ, ಮೊಬೈಲ್ ಟವರ್ ಸತ್ತಾಗ ಒಂದು ಸಲ ಮಾಡಿ ನೋಡಲಿ. ನಮ್ಮ ಕಡೆ ಮನೆಗಳು ಒಂದಕ್ಕೊಂದು ಒಂದೊಂದು ಕಿಲೋಮೀಟರ್ ದೂರ. ತೋಟದ ನಡುವೆ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಎಷ್ಟೋ. ಅವರಿಗೆ ಮಾತ್ರೆ ಯಾರು ತಂದು ಕೊಡುತ್ತಾರೆ? ಆಶಾ ಕಾರ್ಯಕರ್ತೆಯಾ? ಹಾಗಾದರೆ ಅವರಿಗೆ ತರಬೇತಿ ಕೊಟ್ಟಿದ್ದಾರಾ? ಇಂಥ ಪ್ರಶ್ನೆ ಕೇಳಿದರೆ ಅಭಿವೃದ್ಧಿ ವಿರೋಧಿ ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಆಗಲೇ.

ಸುರತ್ಕಲ್_ಮೆಕ್ಯಾನಿಕಲ್

ನಿಮ್ಮ ರಸ್ತೆಯ ಮಾತು ಸರಿ. ಇದಕ್ಕೆ ಒಂದು ಸೇರಿಸುತ್ತೇನೆ. ಹೊರಗಿನವರು ಪ್ರಶ್ನೆ ಕೇಳಲೇಬೇಕು ಅನ್ನುವುದಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಉದಾಹರಣೆ ನರೋರಾ.

1993ರ ಮಾರ್ಚ್ 31, ಬೆಳಗಿನ ಜಾವ. ಉತ್ತರ ಪ್ರದೇಶದ ನರೋರಾ ಒಂದನೇ ಘಟಕದಲ್ಲಿ ಟರ್ಬೈನಿನ ಎರಡು ಬ್ಲೇಡು ಮುರಿದವು. ಕಂಪನಕ್ಕೆ ಜನರೇಟರಿನ ಹೈಡ್ರೋಜನ್ ಹೊರಬಂದು ಬೆಂಕಿ ಹತ್ತಿತು. ಕೇಬಲ್ಲುಗಳು ಸುಟ್ಟವು, ಮುಖ್ಯ ಕೇಬಲ್ಲೂ ತುರ್ತು ಕೇಬಲ್ಲೂ. ಸುಮಾರು 17 ಗಂಟೆ ಘಟಕಕ್ಕೆ ಕರೆಂಟೇ ಇರಲಿಲ್ಲ. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿ ಬಿಟ್ಟು ಹೊರಡಬೇಕಾಯಿತು. ಕೆಲಸಗಾರರು ಬ್ಯಾಟರಿ ಟಾರ್ಚ್ ಹಿಡಿದು ಕತ್ತಲಲ್ಲಿ ರಿಯಾಕ್ಟರ್ ಕಟ್ಟಡ ಹತ್ತಿ, ಕೈಯಿಂದಲೇ ವಾಲ್ವು ತಿರುಗಿಸಿ, ಅಣು ಕ್ರಿಯೆ ತಡೆಯುವ ಬೋರಾನ್ ದ್ರಾವಣ ಒಳಗೆ ಬಿಟ್ಟರು. ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ಅವರಿಂದಾಗಿ ದೊಡ್ಡ ಅನಾಹುತ ತಪ್ಪಿತು. ಅಣು ಅವಘಡಗಳ ಅಂತರರಾಷ್ಟ್ರೀಯ ಮಾಪನದಲ್ಲಿ ಅದಕ್ಕೆ 3ನೇ ಮಟ್ಟ ಕೊಟ್ಟರು.

ಆ ಬ್ಲೇಡುಗಳ ವಿನ್ಯಾಸ ಬದಲಿಸಿ ಅಂತ ತಯಾರಕರ ಎಚ್ಚರಿಕೆ ಮೊದಲೇ ಬಂದಿತ್ತು. ಕಾಗದ ಬಂದದ್ದು ಗೊತ್ತಾಗಿ, ಇದಾಗುವ ತನಕ ಘಟಕ ಓಡಿಸಬೇಡಿ ಅಂತ ಹೇಳುವ ಯಾರಾದರೂ ಹೊರಗೆ ಇದ್ದಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ. ನಾನು ಅಣು ವಿದ್ಯುತ್ತಿನ ಪರ. 2047ಕ್ಕೆ 100 ಗಿಗಾವಾಟ್ ಗುರಿ ಅಂತ ಸರ್ಕಾರ ಹೇಳಿದೆ, ಈಗ ಇರುವುದು ಒಂಬತ್ತು ಗಿಗಾವಾಟಿನ ಆಸುಪಾಸು. ಹತ್ತು ಪಟ್ಟಿಗಿಂತ ಜಾಸ್ತಿ ಬೆಳೆಯಬೇಕಾದರೆ, ಅದೂ ಲಾಭ ನೋಡುವ ಕಂಪನಿಗಳು ಬಂದ ಮೇಲೆ, ನಿಯಂತ್ರಕರು ಇನ್ನೂ ಗಟ್ಟಿ ಇರಲೇಬೇಕು. ಒಂದು ದೊಡ್ಡ ಅಪಘಾತ ಆದರೆ ಇಡೀ ಕ್ಷೇತ್ರವೇ ಮುಚ್ಚಿಹೋಗುತ್ತದೆ.

ಉಡುಪಿ_ಲಾ

ಪರಿಹಾರದ ವಿಷಯ ಯಾರೂ ಎತ್ತಲಿಲ್ಲ. ಚಿಕ್ಕದಾಗಿ ಹೇಳುತ್ತೇನೆ. 2010ರ ಕಾಯ್ದೆಯಲ್ಲಿ ಸ್ಥಾವರ ನಡೆಸುವವರ ಹೊಣೆಗೆ 1,500 ಕೋಟಿ ರೂಪಾಯಿ ಮಿತಿ ಇತ್ತು. ಯಂತ್ರ ಪೂರೈಸಿದವರ ದೋಷದಿಂದ ಅಪಘಾತ ಆದರೆ ಅವರಿಂದ ವಸೂಲಿ ಮಾಡುವ ಹಕ್ಕೂ ಇತ್ತು. ಹೊಸ ಕಾನೂನಿನಲ್ಲಿ ಸ್ಥಾವರದ ಗಾತ್ರಕ್ಕೆ ತಕ್ಕಂತೆ ಮಿತಿ, ಅತಿ ದೊಡ್ಡದಕ್ಕೆ 3,000 ಕೋಟಿ. ಪೂರೈಕೆದಾರರ ಮೇಲಿನ ಆ ಹಕ್ಕು ಹೋಯಿತು, ಒಪ್ಪಂದದಲ್ಲಿ ಬರೆದಿದ್ದರೆ ಅಥವಾ ಯಾರಾದರೂ ಬೇಕೆಂದೇ ಹಾನಿ ಮಾಡಿದ್ದರೆ ಮಾತ್ರ ವಸೂಲಿ. ಭೋಪಾಲ್ ನೋಡಿದ ದೇಶ ನಾವು. ಪೂರೈಸಿದವರಿಗೆ ಹೆದರಿಕೆ ಇಲ್ಲದಿದ್ದರೆ, ಬ್ಲೇಡಿನ ದೋಷ ಮೊದಲೇ ಹಿಡಿಯುವ ಭಾರ ಪೂರ್ತಿ ಎಇಆರ್‌ಬಿ ಮೇಲೆ ಬೀಳುತ್ತದೆ. ಅದಕ್ಕೇ ನೇಮಕದ ವಿಷಯ ನನಗೆ ಅಷ್ಟು ಮುಖ್ಯ ಅನಿಸುವುದು.

ಮಾಹಿತಿಯ ಬಗ್ಗೆಯೂ ಒಂದು ಮಾತು. 1962ರ ಕಾಯ್ದೆಯಲ್ಲಿ ಮಾಹಿತಿ ಗುಟ್ಟಾಗಿಡುವ ಅಧಿಕಾರ ಸರ್ಕಾರಕ್ಕಿತ್ತು. ಹೊಸ ಕಾನೂನಿನಲ್ಲೂ ಉಂಟು. ಇಂಧನದ ವಿನ್ಯಾಸ, ಕಾವಲು ವ್ಯವಸ್ಥೆ ಇವೆಲ್ಲ ಗುಟ್ಟಾಗಿರಲಿ, ಯಾರಿಗೂ ಬೇಡ. ಆದರೆ ಜನರನ್ನು ಯಾವ ದಾರಿಯಲ್ಲಿ ಕರೆದೊಯ್ಯುತ್ತಾರೆ ಅನ್ನುವುದು ಗುಟ್ಟಾದರೆ ಹೇಗೆ?

ಕುಂದಾಪ್ರ_ಮೇಸ್ತ್ರಿ

ನಮ್ಮ ಕೋಟದ ಶಿವರಾಮ ಕಾರಂತರು ಕೈಗಾ ವಿರುದ್ಧ ನಿಂತಾಗ ಎಂಬತ್ತು ದಾಟಿದ ವಯಸ್ಸು. 1989ರಲ್ಲಿ ಆ ಕಡೆಯಿಂದ ಲೋಕಸಭೆಗೂ ನಿಂತರು, ಗೆಲ್ಲಲಿಲ್ಲ. ಅವರು ಕೈಗಾ ಬೇಡವೇ ಬೇಡ ಅಂದವರು. ಅವರ ಎಲ್ಲ ಮಾತಿಗೂ ನನ್ನ ಒಪ್ಪಿಗೆ ಇತ್ತು ಅಂತಲ್ಲ, ನನ್ನ ಅನ್ನ ಅಲ್ಲಿಂದಲೇ ಬರುತ್ತಿತ್ತು. ಆದರೆ ಪ್ರಶ್ನೆ ಕೇಳುವುದು ನಮ್ಮ ಊರಿಗೆ ಹೊಸತಲ್ಲ ಅಂತ ಯಲ್ಲಾಪುರದ ತಂಗಿಗೆ ಹೇಳಬೇಕು ಅನಿಸಿತು. ಸಿಟ್ಟು ಮಾಡಿಕೊಳ್ಳಬೇಡಿ, ಬರೆಯಿರಿ.

ಕಂಕನಾಡಿ_ಎಕ್ಸ್‌ರೇ

ಎಲ್ಲರಿಗೂ ಥ್ಯಾಂಕ್ಸ್. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕಿತು. ಎರಡು ಕಾಗದ ಬರೆಯುವ ಅಂತ ಉಂಟು. ಒಂದು ನಮ್ಮ ಎರಡೂ ಜಿಲ್ಲೆಯ ಸಂಸದರಿಗೆ ಮತ್ತು ಉತ್ತರ ಕನ್ನಡದ ಸಂಸದರಿಗೆ: ಎಇಆರ್‌ಬಿ ಆಯ್ಕೆ ಸಮಿತಿಯನ್ನು ಅಣುಶಕ್ತಿ ಆಯೋಗದ ಕೈಯಿಂದ ಬಿಡಿಸಿ, ಎಇಆರ್‌ಬಿಯ ವಾರ್ಷಿಕ ವರದಿ ಸಂಸತ್ತಿನಲ್ಲಿ ಚರ್ಚೆಗೆ ಬರಲಿ. ವರದಿ ಜಾಲತಾಣದಲ್ಲಿ ಇಂಗ್ಲಿಷ್, ಹಿಂದಿಯಲ್ಲಿ ಸಿಗುತ್ತದೆ. ಕೈಗಾಕ್ಕೆ ಸಂಬಂಧಪಟ್ಟ ಭಾಗವಾದರೂ ಕನ್ನಡದಲ್ಲಿ ಬೇಕು ಅಂತ ಸೇರಿಸುತ್ತೇನೆ. ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ, ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ: ಹಿಂದಿನ ಅಣಕು ಕಾರ್ಯಾಚರಣೆ ಯಾವ ತಿಂಗಳಲ್ಲಿ ಆಯಿತು, ಅದರಲ್ಲಿ ಕಂಡ ಕೊರತೆ ಯಾವುದು, ಸರಿ ಮಾಡಿದ್ದಾರಾ. ಉಡುಪಿ_ಲಾ, ಅರ್ಜಿಯ ಭಾಷೆ ಒಮ್ಮೆ ನೋಡಿ ಕೊಡುತ್ತೀರಾ? ತಿರಸ್ಕಾರ ಆಗದ ಹಾಗೆ ಇರಬೇಕು.

ಉಡುಪಿ_ಲಾ

ಕಳಿಸಿ ಅಕ್ಕ. ‘ಯಾಕೆ’ ಅಂತ ಕೇಳಿದರೆ ಉತ್ತರ ಕೊಡುವುದಿಲ್ಲ, ‘ಇಂಥ ದಾಖಲೆಯ ಪ್ರತಿ ಕೊಡಿ’ ಅಂತ ಕೇಳಬೇಕು. ಕಾವಲು ವ್ಯವಸ್ಥೆಯ ಬಗ್ಗೆ ಒಂದು ಪದವೂ ಬೇಡ, ಅದೊಂದು ನೆಪ ಸಾಕು ಇಡೀ ಅರ್ಜಿ ವಾಪಸ್ ಬರಲಿಕ್ಕೆ.

ಯಲ್ಲಾಪುರದವಳು

ಅರ್ಜಿಯಲ್ಲಿ ಇದನ್ನೂ ಹಾಕಿ: ತುರ್ತು ಯೋಜನೆಯಲ್ಲಿ ಹೆಸರಿಸಿದ ಪ್ರತಿ ರಸ್ತೆ, ಸೇತುವೆಯ ಪಟ್ಟಿ, ಮತ್ತು 2024ರ ಆಗಸ್ಟ್ ಆದ ಮೇಲೆ ಆ ಪಟ್ಟಿಯನ್ನು ತಿದ್ದಿದ ದಿನಾಂಕ. ಅಯೋಡಿನ್ ಮಾತ್ರೆ ಎಲ್ಲೆಲ್ಲಿ ಇಟ್ಟಿದ್ದಾರೆ, ಅವಧಿ ಮುಗಿಯುವುದು ಯಾವಾಗ ಅನ್ನುವುದೂ ಇರಲಿ. ಊರಲ್ಲಿ ಆಶಾ ಕಾರ್ಯಕರ್ತೆಯಾಗಿರುವ ನಮ್ಮ ಚಿಕ್ಕಮ್ಮನನ್ನು ಇವತ್ತು ಫೋನಿನಲ್ಲಿ ಕೇಳುತ್ತೇನೆ, ತರಬೇತಿ ಏನಾದರೂ ಕೊಟ್ಟಿದ್ದಾರಾ ಅಂತ. ಗೊತ್ತಾದದ್ದನ್ನು ಇಲ್ಲೇ ಬರೆಯುತ್ತೇನೆ.

ಮಲ್ಪೆ_ಬೋಟು

ಬಂದರಿನ ಬೋರ್ಡಿನ ವಿಷಯ ನಾನು ನಮ್ಮ ಮೀನುಗಾರರ ಸಂಘದಲ್ಲಿ ಎತ್ತುತ್ತೇನೆ. ಕೊಣಾಜೆಯವರು ಒಂದು ದಿನ ಮಲ್ಪೆಗೆ ಬಂದು ಆ ಹಳೆಯ ಅಳತೆ, ಹೊಸ ಅಳತೆ ಅಂದರೆ ಎಂತ ಅಂತ ನಮ್ಮವರಿಗೆ ಹೇಳಿಕೊಡುತ್ತೀರಾ? ಶುಕ್ರವಾರ ಬಿಟ್ಟು ಯಾವ ದಿನವಾದರೂ ಆಗುತ್ತದೆ.